ನೌಕೆಗೆ ನಾನೇ ಪೈಲಟ್

“ನಿಮಗೆ ಡಾಕ್ಟರ್ ಪಾತ್ರ ಬರೆದಿದ್ದೀನಿ,” ಎಂದ ಚಿರಂತನ, ತಲೆಯೆತ್ತದೆ.

“ನನ್ನನ್ನ ಕೇಳಿದ್ರಾ?” ಎಂದಳು ಯಶೋಧರಾ.

ಆಗ ಅವನು ತಲೆಯೆತ್ತಿದ. ನೋಡಿದವನು ಪೆನ್ನಿನ ಮುಚ್ಚಳ ಹಾಕುವುದನ್ನೇ ಮರೆತ.

2003ರ ಬೇಸಿಗೆ. ನಂಜನಗೂಡಿನಲ್ಲಿ ಗೆಳೆಯ ಶಿವಮೂರ್ತಿಯ ಫೋಟೊ ಸ್ಟುಡಿಯೋ ಮಹಡಿಯ ಮೇಲೆ ಭಾನುವಾರ ಮಧ್ಯಾಹ್ನ ಆಟ. ಚಿರಂತನನಿಗೆ ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಇಂಗ್ಲಿಷ್ ಆಟ ಅದು. ಅವನು ಕಥೆ ಹೇಳುತ್ತಾನೆ. ಉಳಿದವರು ಬಾಹ್ಯಾಕಾಶ ನೌಕೆಯ ಜನರಾಗಿ, ಏನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸುತ್ತಾರೆ. ಮೊದಲು ಪ್ರತಿಯೊಬ್ಬರೂ ತಾವು ಯಾರೆಂದು ಆರಿಸಿಕೊಳ್ಳಬೇಕು. ಶಿವಮೂರ್ತಿ ಸೈನಿಕ. ಚಿರಂತನನ ತಂಗಿ ರಮ್ಯಶ್ರೀ ಎಂಜಿನಿಯರ್. ಕಾಲೇಜಿನ ಗೆಳತಿ ಯಶೋಧರಾಳನ್ನು ಕರೆತಂದವಳೂ ಅವಳೇ.

“ಸರಿ, ಏನಾಗ್ತೀರಿ?”

“ಪೈಲಟ್.”

“ಕಷ್ಟ ಕಣ್ರೀ. ಮೊದಲು ಸಾಯೋದೇ ಪೈಲಟ್.”

“ಎಲ್ಲಿಗೆ ಹೋಗ್ಬೇಕು ಅಂತ ಹೇಳೋದೂ ಪೈಲಟ್ಟೇ ತಾನೇ?”

ಅವನು ನಕ್ಕು ಬರೆದುಕೊಂಡ. “ಹುಟ್ಟಿದ ಗ್ರಹ?”

“ಅದನ್ನೂ ನಾವೇ ಆರಿಸ್ಕೋಬಹುದಾ?”

ನಗಲು ಹೊರಟವನು ನಿಂತ. ಅವನು ಅರ್ಚಕರ ಮಗ. ಅವಳು ಹೆಮ್ಮರಗಾಲದ ಕೇರಿಯವಳು, ಬುದ್ಧನ ಪಟವಿದ್ದ ಮನೆಯ ಮಗಳು.

ಆಮೇಲಿನ ಭಾನುವಾರಗಳಲ್ಲಿ ದಾಳ ಕೊಡುವಾಗ ಅವನ ಬೆರಳು ಅವಳ ಅಂಗೈಯಿಂದ ಒಂದಿಷ್ಟು ತಡವಾಗಿ ಏಳುತ್ತಿತ್ತು. ಅವಳು ಕಣ್ಣು ತಗ್ಗಿಸಿದರೆ ಅವನ ಕಥೆಯೇ ತಡವರಿಸುತ್ತಿತ್ತು.

“ಅಣ್ಣಾ, ನಿನ್ನ ಕಥೇಲಿ ಎಲ್ರೂ ಸಾಯ್ತಾರೆ, ಪೈಲಟ್ ಮಾತ್ರ ಯಾಕೋ ಸಾಯಲ್ಲ?” ಎಂದು ರಮ್ಯಶ್ರೀ ಕಿಚಾಯಿಸಿದಳು.

ಎಲ್ಲರೂ ನಕ್ಕರು. ಯಶೋಧರಾ ಮಾತ್ರ ತೆರೆದ ಕಿಟಕಿಯತ್ತ ನೋಡಿದಳು. ಇವಳಿಗೇ ಗೊತ್ತಾಗಿದ್ದರೆ ಇನ್ನು ಯಾರಿಗೆ ಗೊತ್ತಿಲ್ಲ? ಹಿಂದಿನ ವರ್ಷ ಪಕ್ಕದ ಊರಿನಲ್ಲಿ ಹೀಗೇ ಆಗಿ, ಕೇರಿಯ ಹುಡುಗಿಯ ಅಪ್ಪನನ್ನು ಕೆರೆ ಏರಿಯ ಮೇಲೆ ಅಟ್ಟಾಡಿಸಿ ಹೊಡೆದಿದ್ದರು. ರಮ್ಯಶ್ರೀ ಹಾಗೆಂದ ದಿನದಿಂದ ಯಶೋಧರಾ ಮೆಟ್ಟಿಲಿಳಿಯುವ ಮುನ್ನ ಬೀದಿಯ ಎರಡೂ ಕಡೆ ನೋಡತೊಡಗಿದಳು. ಸ್ಕೂಟರ್ ಹಿಂದೆ ಬಂದರೆ ಯಾವುದಾದರೂ ಅಂಗಡಿಯೊಳಗೆ ಸರಿದು ನಿಲ್ಲುತ್ತಿದ್ದಳು.

ಒಂದು ಭಾನುವಾರ ಮೆಟ್ಟಿಲ ಕೆಳಗೆ ಅವಳ ಅಣ್ಣ ಕೃಷ್ಣ ನಿಂತಿದ್ದ.

“ಅವ್ವ ಅಳ್ತಾ ಕೂತವಳೆ. ಅಯ್ನೋರ ಮಗನ ಜೊತೆ ನೀನು ಓಡಾಡ್ತಿದ್ದೀಯ ಅಂತ ಅಳ್ಳೀಲೆಲ್ಲಾ ಮಾತು. ಒಡ್ದಾಕ್ಬುಟ್ರೆ ನಮ್ಮನ್ನ ಯಾರವ್ವ ಕೇಳೋರು?”

ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಹಿಂದೆ ಚಿರಂತನ ಇಳಿದು ಬಂದ. “ಯಶೋಧರಾ ಒಪ್ಪಿದ್ರೆ, ನಾನು ಅವರನ್ನ ಮದುವೆ ಆಗ್ಬೇಕು ಅಂತಿದ್ದೀನಿ.”

ಅವಳಿಗೇ ಹೇಳದ ಮಾತದು.

“ನಿಮ್ಮನೇಲಿ ಯೋಳಿದ್ದೀರಾ ಸಾ?” ಎಂದ ಕೃಷ್ಣ.

“ಇಲ್ಲ... ಭಯ.”

“ನಿಮ್ ಭಯಕ್ಕೆ ನಮ್ ಉಡುಗಿ ಯಾಕೆ ತಲೆ ಕೊಡ್ಬೇಕು?”

ಚಿರಂತನ ನೆಟ್ಟಗೆ ಮನೆಯ ಕಡೆ ನಡೆದ.

ಅಣ್ಣ ತಂಗಿ ಸ್ಟುಡಿಯೋ ಬೆಂಚಿನ ಮೇಲೆ ಕಾದರು. ಬಾಗಿಲಲ್ಲಿ ನೆರಳಾಡಿದಾಗಲೆಲ್ಲ ಅವಳು ಬೆಚ್ಚಿದಳು. ಅವನು ಬಾರದಿರಬಹುದು, ಜನರನ್ನು ಕಟ್ಟಿಕೊಂಡು ಅವನ ಮನೆಯವರು ಬರಬಹುದು. ಯಾವುದಕ್ಕೆ ಹೆಚ್ಚು ಹೆದರಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಬಿಸಿಲು ಇಳಿಯುವಾಗ ಅವನೊಬ್ಬನೇ ಬಂದ. ಅಂಗಿಯ ತೋಳು ಹರಿದಿತ್ತು, ಕೆನ್ನೆ ಊದಿತ್ತು.

“ಹೇಳಿದೆ,” ಎಂದ. “ಬಾಗಿಲು ಹಾಕ್ಕೊಂಡ್ರು.”

ಯಶೋಧರಾ ಎದ್ದು ಅವನ ಪಕ್ಕ ನಿಂತಳು. “ನಂಗೆ ಒಪ್ಪಿಗೆ,” ಎಂದಳು, ಅಣ್ಣನನ್ನು ನೋಡುತ್ತ.

ಕೃಷ್ಣ ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದ. “ಊರಿಗೆ ಬ್ಯಾಡ. ನರಸೀಪುರದಲ್ಲಿ ಚಿಕ್ಕವ್ವ ಅವಳೆ, ಅಲ್ಲಿಗೆ ಓಗವ. ಬನ್ನಿ... ಬಾವ.”

ನರಸೀಪುರದ ಬಸ್ಸು ತುಂಬಿತ್ತು. ಸಿಕ್ಕ ಸೀಟಿನಲ್ಲಿ ಯಶೋಧರಾ, ಚಿರಂತನ ಇಬ್ಬರೂ ಕೂತರು. ಸ್ಟ್ಯಾಂಡಿನಲ್ಲಿ ದೇವಸ್ಥಾನದ ಬೀದಿಯವರೊಬ್ಬರು ಕಿಟಕಿಯತ್ತ ಬಗ್ಗಿ ನೋಡಿದರು.

“ಭಯ ಆಗ್ತಿದೆಯಾ?” ಎಂದ ಚಿರಂತನ.

“ಹೂಂ. ನಿಮಗೆ?”

“ನನಗೂ.”

ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಹಿಂದಿನ ಸೀಟಿನವರು ಇಬ್ಬರನ್ನೂ ನೋಡಿ ಪಿಸುಗುಟ್ಟಿದರು.

ಕೃಷ್ಣ ಸರಿದು ಬಂದು, ಮೇಲಿನ ಕಂಬಿ ಹಿಡಿದು, ಆ ಕಣ್ಣುಗಳಿಗೆ ಅಡ್ಡವಾಗಿ ನಿಂತ. ಬಸ್ಸು ಹೊರಟಿತು.