ಬೀದಿ ಕಡೆಯ ಕೋಣೆ

2025ರ ಆಗಸ್ಟ್ 14, ಗುರುವಾರ. ವಿಜಯಪುರದ ಬಬಲೇಶ್ವರ ರಸ್ತೆ ಕಡೆಯ ಅಂಬಾದೇವಿ ಬಡಾವಣೆಯ ಹತ್ತಾರು ಜನ ಬೆಳಿಗ್ಗೆ ಠಾಣೆಗೆ ಬಂದರು. ಅವರ ಬಟ್ಟೆಯಿಂದ ಬರುತ್ತಿದ್ದ ಗಟಾರದ ವಾಸನೆ ತಾಳಲಾರದೆ ಪಹರೆಯವನು ಕಿಟಕಿಗಳನ್ನೆಲ್ಲ ತೆರೆದ. ಮುಂದೆ ನಿಂತಿದ್ದವನು ಕಿರಾಣಿ ಅಂಗಡಿಯ ಸಿದ್ದರಾಮ. ಹಿಂದಿನ ದಿನವಷ್ಟೇ ತಾಯಿ ಲಕ್ಕವ್ವನನ್ನು ಮಣ್ಣು ಮಾಡಿ ಬಂದಿದ್ದ.

"ಏನಾತು, ಮೊದಲಿಂದ ಹೇಳ್ರಿ" ಎಂದರು ಇನ್‌ಸ್ಪೆಕ್ಟರ್ ಸುಧಾರಾಣಿ.

"ಮಂಗಳವಾರ ಮುಂಜಾನೆ ಮಳಿ ಜೋರಿತ್ರಿ ಮೇಡಂ. ಗಟಾರದ ನೀರು ಸಂಡಾಸದಾಗಿಂದ ಉಕ್ಕಿ ಪಡಸಾಲಿಗೆ ಬಂತು. ದೇವರ ಕಟ್ಟಿ ಮುಳುಗತೈತಿ ಅಂತ ಅವ್ವ ಓಡಿದ್ಲು. ಜಾರಿ ಬಿದ್ಲು. ಹೊಸ್ತಿಲಕ್ಕ ತಲಿ ಬಡೀತು."

ಉಳಿದದ್ದನ್ನು ಆಸ್ಪತ್ರೆಯ ವರದಿಯೇ ಹೇಳುತ್ತಿತ್ತು. ಲಕ್ಕವ್ವ ಅಂದು ರಾತ್ರಿಯೇ ತೀರಿಕೊಂಡಿದ್ದಳು. ತಲೆಗಾದ ಪೆಟ್ಟೇ ಕಾರಣವೆಂದು ಮರಣೋತ್ತರ ಪರೀಕ್ಷೆಯಲ್ಲಿ ಬರೆದಿತ್ತು.

"ಇದು ಮೊದಲನೇ ಸಲ ಅಲ್ರಿ" ಎಂದು ಶಾಲೆಯ ಶಿಕ್ಷಕಿ ನಾಜಿಯಾ ಮುಂದೆ ಬಂದಳು. "ಜುಲೈದಾಗೂ ಹಿಂಗ ಉಕ್ಕಿತ್ತು. ಮಗಳ ಲಗ್ನಕ್ಕಂತ ತಂದ ಬಟ್ಟಿ ಎಲ್ಲಾ ಹಾಳಾದ್ವು. ಗುತ್ತಿಗೆದಾರನ ಆಫೀಸಿಗೆ ಅಡ್ಡಾಡಿ ಅಡ್ಡಾಡಿ ಕಾಲು ಸೋತಾವ್ರಿ. ನಮ್ಮ ತಪ್ಪು ಅಂತ ಒಬ್ಬರೂ ಒಪ್ಪವಲ್ರು. ಈಗ ಒಂದು ಜೀವಾನ ಹೋತು. ಯಾರರ ಉತ್ತರ ಕೊಡಬೇಕಲ್ರಿ?"

ದೂರಿನ ಮೊದಲ ಸಹಿ ಬಸಗೊಂಡಪ್ಪನದು. ನಿವೃತ್ತ ಬಸ್ ಕಂಡಕ್ಟರ್, ಬಡಾವಣೆಗೆ ಹಿರಿಯ. ಅವನು ಸಹಿ ಹಾಕಿ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದ.

ಒಳಚರಂಡಿ ನಿರ್ವಹಣೆಯ ಗುತ್ತಿಗೆದಾರನ ಸೂಪರ್‌ವೈಸರ್ ಶಿವಾಜಿ ಮತ್ತು ಇತರರ ಮೇಲೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪದಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸುಧಾರಾಣಿ ಮತ್ತು ಹೆಡ್ ಕಾನ್‌ಸ್ಟೇಬಲ್ ಶ್ರೀಮಂತ ಇಬ್ಬರು ಪಂಚರೊಂದಿಗೆ ಸ್ಥಳಕ್ಕೆ ಹೋದರು. ರಸ್ತೆ ಇಳಿಜಾರಿನದು. ಮೇಲಿನ ಮನೆಗಳಲ್ಲಿ ಗೋಡೆಯ ಮೇಲೆ ನೀರು ನಿಂತ ಕಪ್ಪು ಗೆರೆ ಗೇಣೆತ್ತರದಲ್ಲಿತ್ತು, ಕೆಳಗಿಳಿದಂತೆ ಏರುತ್ತ ಸಿದ್ದರಾಮನ ಮನೆಯಲ್ಲಿ ಮೊಣಕಾಲ ಮಟ್ಟಕ್ಕೆ ಬಂದಿತ್ತು. ನಾಜಿಯಾ ಟ್ರಂಕು ತೆರೆದು ತೋರಿಸಿದಳು. ಜರಿಯ ದುಪಟ್ಟಾಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು.

ಇಳಿಜಾರಿನಲ್ಲಿ ಸಿದ್ದರಾಮನ ಮನೆಯ ನಂತರದ್ದೇ ಬಸಗೊಂಡಪ್ಪನ ಮನೆ. ರಸ್ತೆಯ ಅಂಚಿನವರೆಗೂ ಚಾಚಿದ ಹೊಸ ಕೋಣೆ, ಅದಕ್ಕೊಂದು ದೊಡ್ಡ ಕಿಟಕಿ. ಕಿಟಕಿಯ ಪಕ್ಕದ ಮಂಚದಲ್ಲಿ ಅವನ ಹೆಂಡತಿ ವಿದ್ಯಾವತಿ ದಿಂಬಿಗೆ ಒರಗಿ ಕುಳಿತಿದ್ದಳು. ಲಕ್ವಾ ಹೊಡೆದು ಅವಳ ಬಲಗೈ, ಬಲಗಾಲು ಬಿದ್ದುಹೋಗಿದ್ದವು.

ಶ್ರೀಮಂತ ಗೋಡೆಯ ಬುಡ ಮುಟ್ಟಿ ನೋಡಿದ. ಸುಣ್ಣ ಬೆಳ್ಳಗೇ ಇತ್ತು.

"ನಿಮ್ಮನ್ಯಾಗ ನೀರು ಬರಲಿಲ್ಲೇನ್ರಿ?"

"ಸ್ವಲ್ಪ ಬಂದಿತ್ತು. ತೊಳದೇನಿ" ಎಂದ ಬಸಗೊಂಡಪ್ಪ.

ಹೊರಗೆ ಬಂದ ಮೇಲೆ ಶ್ರೀಮಂತ ಮಾತು ತೆಗೆದ. "ಮೇಡಂ, ನೀರು ತಗ್ಗಿನ ಮನಿಗೆ ಹೋಗಬೇಕಲ್ರಿ? ಮ್ಯಾಲಿನವರ ಮನಿ ಮುಳುಗಿ ಇವರದು ಒಣಗೇತಿ."

ಸಂಜೆ ಶಿವಾಜಿಯನ್ನು ಠಾಣೆಗೆ ಕರೆಸಿದರು.

"ದೂರು ಬಂದಾಗ ಏನು ಮಾಡಿದ್ರಿ?" ಎಂದು ಕೇಳಿದರು ಸುಧಾರಾಣಿ.

"ಮಷೀನ್ ತಂದು ಗಟಾರದಾಗ ಪೈಪ್ ಬಿಟ್ಟೇವ್ರಿ. ಸಿದ್ದರಾಮ ಅವರ ಮನಿ ದಾಟಿ ಎಲ್ಲೋ ತಟ್ಟಿ ನಿಲ್ಲತೈತಿ. ಅಲ್ಲಿ ಗಟಾರಕ್ಕ ಇಳಿಯೋ ಚೇಂಬರ್ ಸಿಗವಲ್ದು."

"ನಕ್ಷೆ ನೋಡಿದ್ರಿ?"

"ಇಲ್ರಿ."

"ನೆಲ ಅಗಿಸಿ ನೋಡಿದ್ರಿ?"

"ಮ್ಯಾಲಿನ ಸಾಹೇಬ್ರು ಹೇಳಲಿಲ್ರಿ. ನಾನೂ ಕೇಳಲಿಲ್ಲ."

ಮರುದಿನ ಸುಧಾರಾಣಿ ಒಬ್ಬರೇ ಆ ರಸ್ತೆಯಲ್ಲಿ ಮೇಲಿನಿಂದ ಕೆಳಗೆ ನಡೆದರು. ಚೇಂಬರಿನ ಮುಚ್ಚಳಗಳು ಮನೆಗಳ ಮುಂದೆ ಒಂದೇ ಸಾಲಿನಲ್ಲಿದ್ದವು. ಸಿದ್ದರಾಮನ ಮನೆಯಾಚೆ ಇರಬೇಕಾದ ಒಂದು ಮಾತ್ರ ಇರಲಿಲ್ಲ. ಆ ಜಾಗದಲ್ಲಿ ಬಸಗೊಂಡಪ್ಪನ ಹೊಸ ಕೋಣೆ ನಿಂತಿತ್ತು.

ಕೋಣೆ ಕಟ್ಟಿದವನು ತಿಕೋಟಾದ ಗೌಂಡಿ ಭೀಮಾಶಂಕರ ಎಂದು ನಾಜಿಯಾಳಿಂದ ತಿಳಿಯಿತು. ಸೋಮವಾರ ಅವನು ತಿಕೋಟಾದಲ್ಲೇ ಒಂದು ಕಟ್ಟಡದ ಕೆಲಸದ ಮೇಲಿದ್ದ. ಪೊಲೀಸರನ್ನು ಕಂಡು ಕರಣೆ ಕೆಳಗಿಟ್ಟ.

"ಬುನಾದಿ ತಗಿಯುವಾಗ ಅಲ್ಲಿ ಏನಿತ್ತು?" ಕೇಳಿದ ಶ್ರೀಮಂತ.

ಭೀಮಾಶಂಕರ ಕೈಗೆ ಹತ್ತಿದ್ದ ಸಿಮೆಂಟು ಉಜ್ಜಿಕೊಳ್ಳುತ್ತ ನಿಂತ.

"ನಿನ್ನನ್ನ ಕೇಳಾಕತ್ತೇನಿ."

"ಚೇಂಬರ್ ಇತ್ರಿ. ಇದರ ಮ್ಯಾಲ ಕಟ್ಟಬಾರದು ಕಾಕಾ ಅಂದ್ನಿ. ಲೈನ್ ಬದಲಿ ಮಾಡ್ಯಾರ, ಇದು ಬಂದ್ ಆಗೇತಿ ಅಂದ್ರು. ಮುಚ್ಚಳ ಒಡದಿತ್ತು. ಕಲ್ಲು, ಖಡಿ ತುಂಬಿ ಕಾಂಕ್ರೀಟ್ ಹಾಕಿದ್ನಿ."

"ಜುಲೈದಾಗ ನೀರು ಉಕ್ಕಿದ್ದು ಗೊತ್ತಿತ್ತು?"

"ಗೊತ್ತಾತ್ರಿ. ಆಗ ಕಾಕಾಗ ಫೋನ್ ಮಾಡಿದ್ನಿ. ನೆಲ ಒಡದು ತಗದು ಕೊಡತೇನಿ ಅಂದ್ನಿ. ಮಳಿಗಾಲ ಮುಗೀಲಿ ಅಂದ್ರು. ನಾ ಸುಮ್ಮನಾದ್ನಿ. ಅದ ನನ್ನ ತಪ್ಪು ನೋಡ್ರಿ."

ಅವನ ಹೇಳಿಕೆ ಬರೆದುಕೊಂಡು ವಿಜಯಪುರಕ್ಕೆ ಮರಳಿದಾಗ ಬಸಗೊಂಡಪ್ಪನ ಮನೆಗೆ ಬೀಗ ಬಿದ್ದಿತ್ತು. ಹೆಂಡತಿಯನ್ನು ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು ಬಬಲೇಶ್ವರಕ್ಕೆ, ಅವಳ ತಂಗಿ ಗುರುಸಿದ್ದವ್ವನ ಮನೆಗೆ ಹೋಗಿದ್ದಾನೆಂದು ನೆರೆಯವರು ಹೇಳಿದರು.

ಆಗಸ್ಟ್ 19, ಮಂಗಳವಾರ. ಬಬಲೇಶ್ವರದ ಆ ಮನೆಯ ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ಬಸಗೊಂಡಪ್ಪ ಹೆಂಡತಿಗೆ ನುಚ್ಚು ಮಜ್ಜಿಗೆ ಉಣಿಸುತ್ತಿದ್ದ. ಪೊಲೀಸರನ್ನು ನೋಡಿ ಏಳಲಿಲ್ಲ.

"ನಾಕ ತುತ್ತು ಉಳದಾವ್ರಿ. ಉಣಿಸಿ ಬರ್ತೇನಿ."

ಸುಧಾರಾಣಿ ಬಾಗಿಲಲ್ಲೇ ನಿಂತರು.

ವಿದ್ಯಾವತಿ ನುಂಗಿ, ತೊದಲುತ್ತ ಕೇಳಿದಳು. "ಲಕ್ಕವ್ವ... ಯಾಕ... ಬರವಲ್ಲಳು?"

ಅವನು ಟವೆಲ್ಲಿನಿಂದ ಅವಳ ಬಾಯಿ ಒರೆಸಿದ. "ಮಳಿ ಐತೆಲ್ಲ. ಬರ್ತಾಳ."

ಬಟ್ಟಲು ಗುರುಸಿದ್ದವ್ವನ ಕೈಗೆ ಕೊಟ್ಟು, ಪಿಂಚಣಿ ಕೆಲಸ ಐತಿ, ಹೋಗಿ ಬರ್ತೇನಿ ಎಂದು ಹೆಂಡತಿಗೆ ಹೇಳಿ ಹೊರಗೆ ಬಂದ. ಅಂಗಳದ ಆಚೆ, ಅವಳಿಗೆ ಕೇಳದಷ್ಟು ದೂರದಲ್ಲಿ, ಸುಧಾರಾಣಿ ಅವನಿಗೆ ಬಂಧನದ ಕಾರಣ ತಿಳಿಸಿದರು. ಅವನು ಹೂಂ ಎಂದ.

ಪೊಲೀಸ್ ಜೀಪಿನಲ್ಲಿ ತಾನಾಗಿಯೇ ಮಾತಾಡಿದ.

"ಇಕಿ ಹಿಂದಿನ ಖೋಲ್ಯಾಗ ಎರಡು ವರ್ಷ ಗ್ವಾಡಿ ನೋಡಕೋತ ಬಿದ್ದಿದ್ಲ್ರಿ. ಮಾತು ಪೂರಾ ನಿಂತಿದ್ವು. ಬೀದಿ ಕಡೆ ಕುಂದರ್ಸಿದ್ರ ನಾಕ ಮಂದಿ ಕಣ್ಣಿಗೆ ಬೀಳತಾರ ಅಂತ ಮುಂದ ಕಟ್ಟಿಸಿದ್ನಿ. ಲಕ್ಕವ್ವ ದಿನಾ ಸಂಜಿಕ ಕಿಟಕಿಗೆ ಬಂದು ನಿಂತು, ವಿದ್ಯಾ, ಏನ ಅಡಗಿ ಮಾಡೀಯವ್ವಾ ಅಂತ ಕೇಳ್ತಿದ್ಲು. ಅಡಗಿ ಮಾಡೋದು ನಾನು, ಆದ್ರ ಕೇಳತಿದ್ದದ್ದು ಇಕಿಗೆ. ಒಂದು ದಿನ ಇಕಿ ಬಾಯಿ ತಗದ್ಲು. ಮೊದಲ ಬಂದ ಮಾತು ಲಕ್ಕವ್ವನ ಹೆಸರು."

"ಜುಲೈದಾಗ ಒಡಸಬಹುದಿತ್ತಲ್ರಿ?" ಎಂದರು ಸುಧಾರಾಣಿ.

"ಒಡದ್ರ ಮತ್ತ ಕಟ್ಟಾಕ ಯಾರು ಬಿಡತಿದ್ರು? ಇಕಿ ಮತ್ತ ಹಿಂದಿನ ಖೋಲಿಗೆ ಹೋಗಬೇಕು. ಮಳಿ ಕಡಿಮಿ ಆಗತೈತಿ ಅಂತ ದಿನಾ ತಳ್ಳಿದ್ನಿ."

"ದೂರಿಗೆ ಸಹಿ?"

"ನೀವು ಹಿರೇರು, ನೀವ ಮೊದಲ ಹಾಕ್ರಿ ಅಂತ ಮಂದಿ ಅಂದ್ರು. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ."

ಸಂಜೆ ಪಂಚರ ಎದುರು, ಅವನನ್ನು ಮುಂದೆ ನಿಲ್ಲಿಸಿಕೊಂಡೇ ಕೋಣೆಯ ನೆಲ ಒಡೆಸಿದರು. ಕಾಂಕ್ರೀಟಿನ ಕೆಳಗೆ ಚೇಂಬರ್ ಸಿಕ್ಕಿತು. ಕಲ್ಲುಗಳನ್ನು ಎತ್ತುತ್ತಿದ್ದಂತೆ ತಡೆದು ನಿಂತಿದ್ದ ನೀರು ಗದ್ದಲ ಮಾಡುತ್ತ ಇಳಿದುಹೋಯಿತು. ಬಡಾವಣೆಯವರೆಲ್ಲ ಬಂದು ನಿಂತಿದ್ದರು. ಯಾರೂ ಬೈಯಲಿಲ್ಲ. ನಾಜಿಯಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಳುತ್ತಿದ್ದಳು.

ಸಿದ್ದರಾಮ ಹತ್ತಿರ ಬಂದ. "ನಮ್ಮವ್ವನ ಮಣ್ಣಿಗೆ ಹೆಗಲು ಕೊಟ್ಟಿದ್ರಿ ಕಾಕಾ" ಎಂದ. ತಿರುಗಿ ತನ್ನ ಮನೆಗೆ ನಡೆದ.

ಗೊತ್ತಿದ್ದೂ ಮುಚ್ಚಿಟ್ಟ ಕಾರಣಕ್ಕೆ ಬಸಗೊಂಡಪ್ಪನ ಮೇಲೆ ಹೆಚ್ಚಿನ ಕಲಂ ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ನಕ್ಷೆಯನ್ನೇ ನೋಡದ ಶಿವಾಜಿ ಎರಡನೆಯ ಆರೋಪಿಯಾದ. ಬಸಗೊಂಡಪ್ಪ ನ್ಯಾಯಾಂಗ ಬಂಧನಕ್ಕೆ ಹೋದ.

ಶುಕ್ರವಾರ ಬಬಲೇಶ್ವರದಿಂದ ಗುರುಸಿದ್ದವ್ವ ಠಾಣೆಗೆ ಫೋನ್ ಮಾಡಿದಳು. ಶ್ರೀಮಂತ ಎತ್ತಿಕೊಂಡ.

"ಅಕ್ಕ ಮತ್ತ ಮಾತು ಬಿಟ್ಟಾಳ್ರಿ ಸಾಹೇಬ್ರ. ಹೆಂಗ ಕರದ್ರೂ ನನ್ನ ಕಡೆ ನೋಡವಲ್ಲಳು. ಯಾರಿಗರ ಒಂದಿಷ್ಟು ತಿಳಸ್ರಿ."

"ತಿಳಸತೇವ್ರಿ ಅವ್ವಾ" ಎಂದು ಅವನು ಫೋನ್ ಇಟ್ಟ. ಯಾರಿಗೆ ತಿಳಿಸಬೇಕೆಂದು ಅವನಿಗೂ ಗೊತ್ತಿರಲಿಲ್ಲ.