ಸೇತುವೆ ಪಾಲಿನ ಬರ್ಫ

ಸರಕಾರ ಕಲ್ಲು-ಮರಳಿಗೆ ಬರ್ಫ ತಿನ್ನಿಸುತ್ತದೆ, ಓವರ್‌ಸಿಯರನಿಗೆ ಮಾತ್ರ ಕೊಡದಲ್ಲಿ ಕಾದ ನೀರು ಕುಡಿಸುತ್ತದೆ. ಎಂಬತ್ನಾಲ್ಕರ ಬೇಸಿಗೆಯಲ್ಲಿ ಓವರ್‌ಸಿಯರ್ ಶ್ರೀಪಾದನ ಹೊಟ್ಟೆಯುರಿ ಶುರುವಾದದ್ದು ಇಲ್ಲಿಂದ. ಘತ್ತರಗಿ ಹತ್ತಿರದ ಹಳ್ಳಕ್ಕೆ ಸೇತುವೆ ಏಳುತ್ತಿತ್ತು. ಬಿಸಿಲಿಗೆ ಕಾಂಕ್ರೀಟು ಕಾದರೆ ಬೇಗ ಬಿಗಿದು ಬಿರುಕು ಬಿಡುತ್ತದೆಂದು, ಕಲಸುವ ನೀರಿಗೆ ಹಾಕಲು ಗುಲಬರ್ಗಾದಿಂದ ಲಾರಿಯಲ್ಲಿ ಬರ್ಫದ, ಅಂದರೆ ಐಸಿನ, ಗಡ್ಡೆಗಳು ಬರುತ್ತಿದ್ದವು. ಮನೆಯಲ್ಲಿ ಹೆಂಡತಿ ಸುಲಭಾ ಕೂಲರ್ ಬೇಕೆಂದು ಮೂತಿ ತಿರುಗಿಸಿಕೊಂಡು ಕೂತಿದ್ದಳು.

ಶ್ರೀಪಾದ ಯೋಚಿಸಿದ. ಸಿಮೆಂಟು ಕದ್ದರೆ ಚೀಲ ಸಾಕ್ಷಿ ಹೇಳುತ್ತದೆ, ಕಬ್ಬಿಣ ಕದ್ದರೆ ಗುಜರಿಯವನು ಬಾಯಿ ಬಿಡುತ್ತಾನೆ. ಬರ್ಫ ಹಾಗಲ್ಲ, ಪೊಲೀಸರು ಬರುವಷ್ಟರಲ್ಲಿ ಕದ್ದ ಮಾಲೇ ಇರುವುದಿಲ್ಲ. ಇಷ್ಟು ಸಭ್ಯವಾದ ಕಳ್ಳತನ ಇನ್ನೊಂದಿಲ್ಲವೆಂದು ಅವನಿಗೆ ತನ್ನ ಬಗ್ಗೆಯೇ ಹೆಮ್ಮೆಯಾಯಿತು.

ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಜನ ಮುಗಿಬಿದ್ದ ದಿನ ಬರ್ಫವೆಲ್ಲ ಗುಡಿ ಹಾದಿಯ ಅಬ್ದುಲ್ ಗನಿಯ ಶರಬತ್ತಿನ ಅಂಗಡಿ ಸೇರಿತು. ತೊಡಕು ಒಂದೇ: ಸಂಜೆ ಸ್ಲ್ಯಾಬ್ ಹಾಕುವಾಗ ಇಂಜಿನಿಯರ್ ಹಣಮಂತರಾಯರು ಕಾಂಕ್ರೀಟಿಗೆ ಥರ್ಮಾಮೀಟರ್ ಚುಚ್ಚಿ ನೋಡುತ್ತಾರೆ. ಅದಕ್ಕೂ ಉಪಾಯವಿತ್ತು. ಬರ್ಫ ಕರಗಿದ ನೀರೆಲ್ಲ ಗನಿಯ ಅಂಗಡಿಯ ದೊಡ್ಡ ತೊಟ್ಟಿಯಲ್ಲೇ ನಿಲ್ಲುತ್ತಿತ್ತು. ಸೀಸೆ ತಣ್ಣಗಿಡುವುದು, ಗಿರಾಕಿ ಕುಡಿದಿಟ್ಟ ಗ್ಲಾಸು ಅದ್ದಿ ತೊಳೆಯುವುದು, ಎಲ್ಲ ಅದರಲ್ಲೇ.

"ಆ ನೀರು ಚೆಲ್ಲಬ್ಯಾಡ್ರಿ ಗನಿಸಾಬ್. ಡ್ರಮ್ಮಿಗಿ ತುಂಬಿ ಕಳಸ್ರಿ," ಎಂದ ಶ್ರೀಪಾದ.

"ಎಂಜಲ ನೀರು ಅದರಿ ಸಾಹೇಬ್ರ. ಏನ್ ಮಾಡ್ತೀರಿ?"

"ಸೇತುವಿಗಿ ಮಡಿ ಮೈಲಿಗಿ ಇಲ್ರಿ."

ಸಂಜೆ ಥರ್ಮಾಮೀಟರ್ ನೋಡಿ ಹಣಮಂತರಾಯರು ತಲೆದೂಗಿದರು. "ಇಷ್ಟು ತಣ್ಣಗ ಯಾರೂ ಕಲಸಿಲ್ರಿ ಶ್ರೀಪಾದರ. ನಿಮ್ಮ ಪ್ರಮೋಷನ್ನಿಗಿ ನಾನೇ ಬರೀತೇನಿ."

ಶ್ರೀಪಾದ ವಿನಯದಿಂದ ಕೈಮುಗಿದ. ಮನೆಗೆ ಹೋಗಿ ಕೂಲರ್ ಎಲ್ಲಿಡುವುದೆಂದು ಕಿಟಕಿ ಅಳೆದ.

ಮರುದಿನ ಬೆಳಿಗ್ಗೆ ಮಿಕ್ಸರ್ ನಡೆಸುವ ಪೀರಪ್ಪ ಸ್ಲ್ಯಾಬಿಗೆ ಬೆರಳೊತ್ತಿದ. ಹಿಟ್ಟಿಗೊತ್ತಿದಂತೆ ಒಳಗೆ ಹೋಯಿತು. ಬೇಗ ಬಿಗಿದೀತೆಂದು ಎಲ್ಲರೂ ಹೆದರಿದ್ದ ಕಾಂಕ್ರೀಟು ಈಗ ಬಿಗಿಯಲೇ ಒಲ್ಲದು. ಹಣಮಂತರಾಯರು ಬಗ್ಗಿ ನೋಡಿದರು. ದಂಡೆಯಿಂದ ಹೊರಟ ಇರುವೆ ಸಾಲು ಸೆಂಟ್ರಿಂಗ್ ಕಂಬ ಹತ್ತಿ ಸ್ಲ್ಯಾಬಿನ ಅಂಚು ಮುಟ್ಟಿತ್ತು. "ಸಿಮೆಂಟಿಗಿ ಒಂದೀಟು ಸಕ್ಕರಿ ಬಿದ್ರೂ ಬಿಗಿಯಂಗಿಲ್ಲ," ಎಂದರು ಮೆಲ್ಲಗೆ. "ಸೇತುವಿಗಿ ಶರಬತ್ತು ಕುಡಿಸಿದವ್ರು ಯಾರ್ರಿ?" ಇನ್ನೊಂದು ಇರುವೆ ಸಾಲು ಗನಿಯ ಖಾಲಿ ಡ್ರಮ್ಮುಗಳ ಕಡೆ ನಡೆದಿತ್ತು. ಶ್ರೀಪಾದ ಲೆಕ್ಕ ಹಾಕಿದಂತೆ ಬರ್ಫ ಗುರುತೇ ಇಲ್ಲದೆ ಕರಗಿತ್ತು. ಗ್ಲಾಸಿನ ತಳದಲ್ಲಿ ಉಳಿಯುತ್ತಿದ್ದ ಶರಬತ್ತಿನ ಸಕ್ಕರೆಯನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.