ಟಿವಿಯಲ್ಲಿ ಉಳಿದ ಹೆಸರು

ಮೊದಲ ಭೇಟಿಯಲ್ಲಿಯೇ ದೀಕ್ಷಿತಾ ಅವನ ಹಣೆ ಒಡೆದಳು.

ಅವಳದ್ದೇ ತಪ್ಪು ಎನ್ನುವ ಹಾಗಿಲ್ಲ. ಅಣ್ಣ ಜಿತೇಶ ಸತ್ತು ಇನ್ನೂ ಎರಡು ತಿಂಗಳು ಕಳೆದಿರಲಿಲ್ಲ. ಉದ್ಯಾವರದ ಹೈವೇಯಲ್ಲಿ ಲಾರಿಯೊಂದು ಅವನನ್ನೂ ಅವನ ಬೈಕನ್ನೂ ಜೇಬಿನಲ್ಲಿದ್ದ ಮೊಬೈಲನ್ನೂ ಒಟ್ಟಿಗೇ ಅರೆದು ಹಾಕಿತ್ತು. ಹಿಂದಿನ ವಾರವಷ್ಟೇ ಅವಳ ಗಂಡ ಪ್ರತೀಕ್ ಕುಕ್ಕುಂದೂರಿನಿಂದ ಕುಡಿದು ಬಂದು, ಕಾಪುವಿನ ಅವಳ ತವರುಮನೆಯ ಕಿಟಕಿಗೆ ಕಲ್ಲು ಹೊಡೆದು ಹೋಗಿದ್ದ. ಆಮೇಲೆ ಗೇಟಿನ ಚಿಲಕ ಸದ್ದಾದರೆ ಸಾಕು, ಅವಳ ಕೈ ಭಾರದ ವಸ್ತುವೊಂದನ್ನು ಹುಡುಕುತ್ತಿತ್ತು.

ಆ ಸಂಜೆ ಅಮ್ಮ ಗುಣವತಿ ಟಿವಿಯ ಮುಂದೆ ಕುಳಿತು ಯೂಟ್ಯೂಬಿನಲ್ಲಿ ಭಜನೆ ಕೇಳುತ್ತಿದ್ದಳು. ಅಪರಿಚಿತನೊಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದ. ಜಿತೇಶನ ಸ್ನೇಹಿತ ಎಂದ. ಅಷ್ಟರಲ್ಲಿ ಅವನ ಕಣ್ಣು ಟಿವಿಯ ಮೂಲೆಗೆ ಹೋಯಿತು. ಅಲ್ಲಿ ಜಿತೇಶನ ಹೆಸರು, ನಗುವ ಸಣ್ಣ ಚಿತ್ರ. ಅವನು ನೇರ ಹೋಗಿ ಪ್ಲಗ್ ಕಿತ್ತ.

ಗುಣವತಿ ಕಿರುಚಿದಳು. ಅಡುಗೆಮನೆಯಿಂದ ಓಡಿಬಂದ ದೀಕ್ಷಿತಾಗೆ ಕಂಡದ್ದು ಇಷ್ಟೇ... ಅಳುವ ಅಮ್ಮ, ಗೋಡೆಯ ಬಳಿ ಬಾಗಿ ನಿಂತ ಗಂಡಸು. ಕೈಯಲ್ಲಿದ್ದ ಹಿತ್ತಾಳೆ ಚೆಂಬನ್ನು ಬೀಸಿದಳು.

ಅವನು ಹಣೆ ಹಿಡಿದು ನೆಲಕ್ಕೆ ಕುಳಿತ. ಬೆರಳ ಸಂದಿನಿಂದ ರಕ್ತ ಇಳಿಯಿತು.

"ಪ್ರತೀಕ್ ಕಳಿಸಿದ್ದಾ ನಿಮ್ಮನ್ನು?"

"ಅಲ್ಲ... ನಾನು ಕೀರ್ತನ್. ಮಣಿಪಾಲದಲ್ಲಿ ಲ್ಯಾಬ್‌ನಲ್ಲಿ ಕೆಲಸ. ಈ ಟಿವಿ ಹಾಕಬೇಡಿ. ಗೂಗಲ್ ಪ್ರಕಾರ ಜಿತೇಶ ಇನ್ನೂ ಸತ್ತಿಲ್ಲ."

ಸಾವಿನ ಮನೆಗೆ ಬಂದು ಆಡುವ ಮಾತಾ ಇದು? ಅಣ್ಣನ ಗುರುತೇ ಸಿಗದ ಮುಖಕ್ಕೆ ಕೊನೆಯ ನೀರು ಬಿಟ್ಟ ಕೈ ಅವಳದ್ದು.

"ಎದ್ದು ಹೋಗಿ," ಎಂದಳು. "ಇನ್ನೊಂದು ಮಾತಾಡಿದರೆ ಈ ಸಲ ಹಲ್ಲು."

ಅವನು ಹೋದ. ಅಂಗಳದಲ್ಲಿ ಬಿದ್ದ ರಕ್ತದ ಹನಿಗಳಿಗೆ ನೀರು ಹಾಕುವಾಗ ಅವಳಿಗೆ ಒಂದು ವಿಷಯ ಚುಚ್ಚಿತು. ಏಟು ತಿಂದರೂ ಅವನು ಕೈ ಎತ್ತಿರಲಿಲ್ಲ. ಅಣ್ಣನನ್ನು ಬಿಟ್ಟರೆ ಅಂಥ ಗಂಡಸನ್ನು ಅವಳು ಕಂಡಿರಲಿಲ್ಲ...

ಪ್ರತೀಕ್ ಹೆಲ್ಮೆಟ್‌ನಿಂದ ಹೊಡೆದು ಅವಳ ಎಡಗೈ ಮುರಿದಿದ್ದ. ಕಾರ್ಕಳದ ಕೋರ್ಟಿನಲ್ಲಿ ಮಾತ್ರ, ಅವಳು ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದು ಎನ್ನುತ್ತಿದ್ದ. ಅವತ್ತು ತಂಗಿಯನ್ನು ಕರೆದೊಯ್ಯಲು ಹೋದ ಜಿತೇಶ, ಮೊಬೈಲ್ ಕ್ಯಾಮೆರಾ ಹಾಕಿಕೊಂಡೇ ಬಾಗಿಲು ಒದ್ದು ಒಳಗೆ ನುಗ್ಗಿದ್ದ. ಎರಡನೆಯ ಏಟು ಅದರಲ್ಲಿ ಸಿಕ್ಕಿತ್ತು.

ಸಾಕ್ಷಿಯೆಂದರೆ ಆ ವಿಡಿಯೊ ಒಂದೇ. ವಾಟ್ಸಾಪ್‌ನಲ್ಲಿ ಕಳಿಸಿದರೆ ಊರಿಡೀ ತಿರುಗುತ್ತದೆ, ವಕೀಲರ ಕೈಗೆ ನಾನೇ ಕೊಡುತ್ತೇನೆ ಎಂದು ಜಿತೇಶ ಅದನ್ನು ತನ್ನ ಗೂಗಲ್ ಖಾತೆಯಲ್ಲಿ ಇಟ್ಟಿದ್ದ. ಕೊಡುವ ಮೊದಲೇ ಸತ್ತ. ಪಾಸ್‌ವರ್ಡ್ ಅವನ ಜೊತೆ ಬೂದಿಯಾಯಿತು.

ಅದೇ ವಾರ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ದೀಕ್ಷಿತಾಳ ಕಾಲು ನಿಂತಲ್ಲೇ ನಿಂತಿತು. ರಸ್ತೆಯ ಆಚೆ ಪ್ರತೀಕ್. ಅವನ ಕೈ ಕೀರ್ತನನ ಹೆಗಲ ಮೇಲೆ. ಇಬ್ಬರೂ ಕಾರು ಹತ್ತಿದರು.

ಹಾಗಾದರೆ ಚೆಂಬು ಬೀಸಿದ್ದು ಸರಿಯೇ ಆಯಿತು, ಎಂದುಕೊಂಡಳು. ಎದೆ ಮಾತ್ರ ಯಾಕೋ ಉರಿಯಿತು.

ಮರುದಿನ ಮಣಿಪಾಲಕ್ಕೆ ಹೋದಳು. ಲ್ಯಾಬ್‌ನವರು ಅವನು ರಜೆ ಎಂದರು, ರೂಮಿನ ದಾರಿ ತೋರಿಸಿದರು. ಬಾಗಿಲು ತೆರೆದ ಕೂಡಲೇ ಬಯ್ಯಬೇಕೆಂದು ಬಾಯಿ ತುಂಬಾ ಮಾತು ಇಟ್ಟುಕೊಂಡಿದ್ದಳು.

ಬಾಗಿಲು ತೆರೆಯಿತು.

ಕೀರ್ತನನ ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿಗೆ ಹೊಲಿಗೆ. ಬಲಗೈಯ ಬೆರಳುಗಳಿಗೆ ಪ್ಲಾಸ್ಟರ್. ಹಣೆಯ ಗಾಯ ಅವಳದ್ದು, ಉಳಿದದ್ದು ಬೇರೆಯವರದ್ದು.

"ಚೆಂಬು ತಂದಿದ್ದೀರಾ?" ಎಂದು ಅವನು ಕೇಳಿದ. "ಹೊಡೆಯುವುದಾದರೆ ಎಡಗಡೆ ಹೊಡೆಯಿರಿ. ಬಲಗಡೆ ಜಾಗ ಇಲ್ಲ."

"ಯಾರು ಹೊಡೆದದ್ದು?"

"ನಿಮ್ಮ ಗಂಡ. ಸ್ನೇಹದಲ್ಲಿ ಮಾತಾಡುವ ಅಂತ ಕಾರು ಹತ್ತಿಸಿದ. ನನ್ನ ಫೋನು ಬೇಕಿತ್ತು ಅವನಿಗೆ. ಕೊಡಲಿಲ್ಲ. ಬೆರಳು ಒಂದೊಂದೇ ಬಿಡಿಸಿ ಕಿತ್ತುಕೊಂಡ. ಅದೇ ನಂಬರಿಗೆ ಹೊಸ ಸಿಮ್ ತೆಗೆಯಬೇಕು."

ಅವಳು ಅಲ್ಲೇ ಹೊಸ್ತಿಲಲ್ಲಿ ಕುಳಿತಳು. ಅವನು ನಿಧಾನಕ್ಕೆ ಎಲ್ಲವನ್ನೂ ಹೇಳಿದ.

ಅವನೂ ಜಿತೇಶನೂ ಒಂದೇ ವಾಲಿಬಾಲ್ ತಂಡದವರು. ತಂಡದ ಹುಡುಗನೊಬ್ಬ ಸತ್ತಾಗ ಅವನ ಅಪ್ಪ ಲಾಕ್ ಆದ ಫೋನು ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದದ್ದನ್ನು ಇಬ್ಬರೂ ನೋಡಿದ್ದರು. ಅವತ್ತೇ ಚಹಾ ಕುಡಿಯುತ್ತಾ, ನಗುತ್ತಾ, ಒಬ್ಬರ ಗೂಗಲ್ ಖಾತೆಗೆ ಇನ್ನೊಬ್ಬರ ಹೆಸರು, ನಂಬರು ಹಾಕಿದ್ದರು. ಖಾತೆ ಮೂರು ತಿಂಗಳು ಅಲುಗಾಡದೆ ಬಿದ್ದಿದ್ದರೆ, ಅದರಲ್ಲಿ ಇರುವುದನ್ನೆಲ್ಲ ಇಳಿಸಿಕೊಳ್ಳಲು ಇನ್ನೊಬ್ಬನಿಗೆ ಮೇಲ್ ಬರುತ್ತದೆ, ಅವನ ಫೋನಿಗೆ ಕೋಡ್ ಬರುತ್ತದೆ. ವಿಡಿಯೊ ಅದರಲ್ಲಿ ಇರುವುದನ್ನು ಜಿತೇಶನೇ ಅವನಿಗೆ ಹೇಳಿದ್ದ.

"ಅಲುಗಾಡದೆ," ಎಂದು ಅವನು ಮತ್ತೆ ಹೇಳಿದ. "ನಿಮ್ಮ ಅಮ್ಮ ದಿನಾ ಸಂಜೆ ಟಿವಿಯಲ್ಲಿ ಅವನದೇ ಖಾತೆಯಿಂದ ಭಜನೆ ಕೇಳ್ತಾರೆ. ಪ್ರತಿ ಸಂಜೆ ಮೂರು ತಿಂಗಳು ಮೊದಲಿನಿಂದ ಶುರುವಾಗುತ್ತದೆ. ಅವತ್ತು ನಾನು ಕೇಳಿಯೇ ಬಂದ್ ಮಾಡಬೇಕಿತ್ತು. ಅವನ ಮುಖ ಹಾಗೆ ಟಿವಿಯಲ್ಲಿ ಕಂಡಾಗ ತಲೆ ಕೆಟ್ಟಿತು."

ಗೂಗಲ್ ಪ್ರಕಾರ ಜಿತೇಶ ಇನ್ನೂ ಸತ್ತಿಲ್ಲ... ಆ ಮಾತಿನ ಅರ್ಥ ದೀಕ್ಷಿತಾಗೆ ಈಗ ತಲುಪಿತು. ಅಮ್ಮ ಬದುಕಿಸಿ ಇಟ್ಟ ಮಗ, ಮಗಳ ಸಾಕ್ಷಿಯನ್ನು ಹೊರಗೆ ಬಿಡುತ್ತಿರಲಿಲ್ಲ.

"ನಿಮ್ಮ ಸುದ್ದಿ ಅವನಿಗೆ ಹೇಗೆ ಗೊತ್ತಾಯಿತು?"

ಕೇಳುವಾಗಲೇ ಅವಳಿಗೆ ಉತ್ತರ ಹೊಳೆಯಿತು. ಅಳಿಯ ಫೋನು ಮಾಡಿದರೆ ಈಗಲೂ ಎತ್ತುವವಳು ಮನೆಯಲ್ಲಿ ಒಬ್ಬಳೇ.

ಮನೆಗೆ ಬಂದು ಕೇಳಿದಾಗ ಗುಣವತಿ ಒಪ್ಪಿಕೊಂಡಳು. ಯಾರು ಬಂದದ್ದು ಅಂತ ಪ್ರತೀಕ್ ಕೇಳಿದ, ಮಣಿಪಾಲದಿಂದ ಜಿತೇಶನ ದೋಸ್ತಿ ಬಂದಿದ್ದ, ಗೂಗಲ್ ಅಂತ ಎಂತದೋ ಹೇಳಿದ ಎಂದೆ, ತಪ್ಪಾ? ಎಂದಳು. ಟಿವಿಯಿಂದ ಜಿತೇಶನ ಖಾತೆ ತೆಗೆಯಲು ಮಾತ್ರ ಒಪ್ಪಲಿಲ್ಲ.

"ಸ್ವಿಚ್ ಹಾಕಿದ ಕೂಡಲೇ ಅವನ ಹೆಸರು ಬರ್ತದೆ. ಅದನ್ನೂ ತೆಗೆದರೆ ನನಗೆ ಎಂತ ಉಂಟು?"

"ನಾನು ಇಲ್ವಾ ಅಮ್ಮ?"

ಗುಣವತಿ ರಿಮೋಟನ್ನು ಸೆರಗಿನೊಳಗೆ ಇಟ್ಟುಕೊಂಡಳು. ಗಂಡ ಹೆಂಡತಿ ಎಂದ ಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ ಎಂಬ ಹಳೆಯ ಹಾಡನ್ನು ಹಾಡಿದಳು. ಅವಳು ಮಗಳ ಮುರಿದ ಕೈ ನೋಡಿದ್ದಳು, ಮುರಿಯುವುದನ್ನು ನೋಡಿರಲಿಲ್ಲ.

ನೋಡುವ ದಿನ ಬೇಗ ಬಂತು.

ಶನಿವಾರ ಮಧ್ಯಾಹ್ನ ಪ್ರತೀಕ್ ಬಂದ. ಕುಡಿದಿರಲಿಲ್ಲ. ಅದೇ ಹೆಚ್ಚು ಭಯದ್ದು. ಕೇಸು ಹಿಂದೆ ತೆಗೆ ಎಂದ. ಆಗುವುದಿಲ್ಲ ಎಂದಳು. ಜುಟ್ಟು ಹಿಡಿದು ಅಂಗಳಕ್ಕೆ ಎಳೆದ, ತುಳಸಿಕಟ್ಟೆಗೆ ಅವಳ ತಲೆ ಬಡಿದ. ಬಾಯಿಯಲ್ಲಿ ರಕ್ತದ ರುಚಿ ಬಂತು. ಹಳೆಯ ಮುರಿತದ ಕೈಯನ್ನೇ ಹುಡುಕಿ ತಿರುಚಿದ.

"ಅತ್ತೆ, ನೀವು ಒಳಗೆ ಹೋಗಿ ಟಿವಿ ನೋಡಿ," ಎಂದ.

ಗುಣವತಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಒನಕೆ ಇತ್ತು.

ಮೊದಲ ಏಟು ಮೊಣಕಾಲಿಗೆ ಬಿತ್ತು. ಎಲುಬಿನ ಸದ್ದು ಕೇಳಿಸಿತು. ಎರಡನೆಯದ್ದು ಬೆನ್ನಿಗೆ. ಅವನು ತೆವಳುತ್ತಾ ಗೇಟು ದಾಟುವ ತನಕ ಆಕೆ ಎತ್ತಿದ ಕೈ ಇಳಿಸಲಿಲ್ಲ. ನೆರೆಯವರು ಓಡಿಬಂದಾಗ ಒನಕೆ ಎಳೆದುಕೊಂಡು ಮನೆಯೊಳಗೆ ನಡೆದಳು.

ಟಿವಿ ಹಾಡುತ್ತಿತ್ತು. ಮೂಲೆಯಲ್ಲಿ ಜಿತೇಶ ನಗುತ್ತಿದ್ದ.

"ಹೋಗು ಮಗಾ," ಎಂದಳು ಗುಣವತಿ. "ನಿನ್ನ ತಂಗಿಗೆ ಬೇಕಂತೆ. ಹೋಗು."

ಒನಕೆ ಎತ್ತಿ ಗಾಜಿಗೆ ಹೊಡೆದಳು. ಚೂರುಗಳ ನಡುವೆ ಕುಳಿತು, ಮಗ ಸತ್ತ ದಿನವೂ ಅಳದ ಹಾಗೆ ಅತ್ತಳು.

ಟಿವಿ ಇಲ್ಲದ ಮನೆಗೆ ಕೀರ್ತನ್ ಭಾನುವಾರಗಳಲ್ಲಿ ಬರತೊಡಗಿದ. ಗುಣವತಿಯ ಎದುರು ಕುಳಿತು, ಜಿತೇಶ ಸರ್ವಿಸ್ ಮಾಡಿದ ಚೆಂಡು ಅಂಪೈರಿನ ತಲೆಗೆ ಬಿದ್ದದ್ದು, ಊಟದ ಎಲೆಯಿಂದ ಮೀನು ಕದ್ದದ್ದು, ಎಲ್ಲ ಹೇಳುತ್ತಿದ್ದ. ಪ್ಲಾಸ್ಟರ್ ತೆಗೆದರೂ ಎರಡು ಬೆರಳು ಮಡಚುತ್ತಿರಲಿಲ್ಲ. ಅವನು ಅನ್ನ ಕಲಸಲು ಒದ್ದಾಡುವುದನ್ನು ದೀಕ್ಷಿತಾ ಬಾಗಿಲ ಮರೆಯಿಂದ ನೋಡುತ್ತಿದ್ದಳು. ಒಂದು ಭಾನುವಾರ ತಟ್ಟೆಯ ಪಕ್ಕ ಚಮಚ ಇಟ್ಟಳು. ಅವರಿಬ್ಬರ ನಡುವೆ ಅಷ್ಟೇ ನಡೆದದ್ದು. ಅವನು ಮಾತ್ರ ಆ ದಿನ ಮೂರು ಸಲ ಅನ್ನ ಹಾಕಿಸಿಕೊಂಡ.

ಮೇಲ್ ಬಂದ ದಿನ ಅವನು ರಜೆ ಹಾಕಿ ಓಡಿಬಂದ. ಕೋಡ್ ಒತ್ತಿ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ, ಎದ್ದು ಅಂಗಳಕ್ಕೆ ಹೋದ.

"ನೀವು ನೋಡುವುದಿಲ್ವಾ?"

"ಅದು ನಿಮ್ಮದು. ನೀವು ತೋರಿಸಿದರೆ ಮಾತ್ರ."

ಅವಳು ತೋರಿಸಲಿಲ್ಲ. ವಕೀಲರಿಗೆ ಕೊಟ್ಟಳು. ಕಾರ್ಕಳದ ಕೋರ್ಟಿನಲ್ಲಿ ವಿಡಿಯೊ ಓಡಿದಾಗ ಹೆಲ್ಮೆಟ್ ಬೀಳುವ ಸದ್ದು, ಅದರ ಹಿಂದೆಯೇ ಜಿತೇಶನ ಕೂಗು... "ಮುಟ್ಟಿದರೆ ಕೊಲ್ಲುತ್ತೇನೆ!" ಸತ್ತವನ ಸ್ವರ ಕೋಣೆ ತುಂಬಿತು. ಪ್ರತೀಕ್ ಊರುಗೋಲು ನೋಡುತ್ತಾ ಕುಳಿತ. ಬಾವಿಕಟ್ಟೆಯ ಮಾತನ್ನು ಅವನ ವಕೀಲ ಮತ್ತೆ ಎತ್ತಲಿಲ್ಲ.

ತೀರ್ಪು ಅವತ್ತೇ ಬರಲಿಲ್ಲ. ಕೋರ್ಟಿನಲ್ಲಿ ಹಾಗೆ ಬರುವುದಿಲ್ಲ. ಪ್ರತೀಕನಿಗೆ ಶಿಕ್ಷೆಯಾಗಿ, ಅವಳಿಗೆ ವಿಚ್ಛೇದನ ಸಿಗುವಾಗ ಮತ್ತೊಂದು ಮಳೆಗಾಲ ಕಳೆದಿತ್ತು.

ಅದಾದ ಮೊದಲ ಭಾನುವಾರ ಕೀರ್ತನ್ ಹೊಸ ಟಿವಿ ಹೊತ್ತು ತಂದ. ಗೋಡೆಗೆ ಹಾಕಿ, ತನ್ನ ಖಾತೆಯನ್ನೇ ತೆರೆದು ಗುಣವತಿಗೆ ಭಜನೆ ಹಚ್ಚಿಕೊಟ್ಟ. ಮೂಲೆಯಲ್ಲಿ ಅವನ ಹೆಸರು ಬಂತು. ಗುಣವತಿ ಅದನ್ನು ಬಹಳ ಹೊತ್ತು ನೋಡಿ, ಚಹಾ ಮಾಡಲು ಎದ್ದಳು.

ದೀಕ್ಷಿತಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವನು ಮೊಬೈಲ್ ತೆಗೆದ.

"ನಾನು ಸತ್ತರೆ ಅಂತ ಜಿತೇಶನ ಹೆಸರು ಹಾಕಿದ್ದೆ. ಅವನಿಲ್ಲ. ಆ ಜಾಗ ಖಾಲಿ ಉಂಟು." ಅವನು ತಲೆ ಎತ್ತಲಿಲ್ಲ. "ನಿಮ್ಮ ಹೆಸರು ಹಾಕಲಾ?"

ಪ್ರೀತಿಯನ್ನು ಹೀಗೂ ಕೇಳುತ್ತಾರಾ... ಅವಳು ಅವನ ಹಣೆಯ ಮೇಲಿನ ಕಲೆಯನ್ನು ಮುಟ್ಟಿದಳು. ಅವಳೇ ಕೊಟ್ಟದ್ದು.

"ಹಾಕಿ."

"ಎಷ್ಟು ತಿಂಗಳು ಅಂತ ಕೇಳ್ತದೆ. ಮೂರು, ಆರು, ಹನ್ನೆರಡು, ಹದಿನೆಂಟು."

"ಹದಿನೆಂಟು."

"ಅಷ್ಟು ಯಾಕೆ? ಸಾಕ್ಷಿ ಎಂತದ್ದೂ ಇಲ್ಲ ನನ್ನದರಲ್ಲಿ."

"ಎಷ್ಟು ಇಟ್ಟರೂ ಪ್ರಯೋಜನ ಇಲ್ಲ ಕೀರ್ತನ್," ಎಂದಳು ದೀಕ್ಷಿತಾ, ಅವನ ಸೆಟೆದ ಬೆರಳುಗಳನ್ನು ಅಂಗೈಯೊಳಗೆ ತೆಗೆದುಕೊಳ್ಳುತ್ತಾ. "ನಾನು ಟಿವಿ ಬಂದ್ ಮಾಡುವುದಿಲ್ಲ."